ಕಂಬದ ಸ್ಲೇಟಿನ ನಂಬರು

ಆ ಕ್ಲಿನಿಕ್ಕಿಗೆ ಬರುವವರಲ್ಲಿ ಯಾರಿಗೂ ಅವನ ನಿಜವಾದ ಹೆಸರು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕಾದ ಅಗತ್ಯವೂ ಬಿದ್ದಿರಲಿಲ್ಲ ಅನ್ನಿ. ಇಪ್ಪತ್ತೆರಡು ವರ್ಷ ಒಂದೇ ಕಂಬದ ಪಕ್ಕ, ಒಂದೇ ಮರದ ಕುರ್ಚಿಯಲ್ಲಿ ಕೂತು ರೋಗಿಗಳ ನಂಬರು ಕೂಗಿದವನನ್ನು ನಂಬರಣ್ಣ ಎನ್ನದೆ ಇನ್ನೇನು ಅನ್ನಬೇಕು? ಹಿರಿಯ ಡಾಕ್ಟರೂ ಹಾಗೇ ಕರೆಯುತ್ತಿದ್ದರು. ಮನೆಯಲ್ಲಿ ಹೆಂಡತಿಗೆ ಸಿಟ್ಟು ಬಂದರೆ ಅವಳ ಬಾಯಲ್ಲೂ ಅದೇ ಹೆಸರು, ಸ್ವಲ್ಪ ಎಳೆದು ಹೇಳುತ್ತಿದ್ದಳು ಅಷ್ಟೆ.

ಅವನ ಗಂಟಲನ್ನು ನೀವು ಕೇಳಬೇಕಿತ್ತು. "ಹದಿನೇಳೂ!" ಎಂದು ಒಂದು ಸಲ ಕೂಗಿದರೆ ಬೆಂಚಿನ ಮೇಲೆ ತೂಕಡಿಸುತ್ತಿದ್ದವರು ಬೆಚ್ಚಿ ನೆಟ್ಟಗೆ ಕೂರುತ್ತಿದ್ದರು, ಹೊರಗೆ ಮೆಟ್ಟಿಲ ಮೇಲೆ ಫೋನಿನಲ್ಲಿ ಹರಟುತ್ತಿದ್ದವರು ಓಡಿ ಬರುತ್ತಿದ್ದರು. ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಒಬ್ಬ ಮಹಾಶಯ ಇನ್ನರ್ಧ ನೊರೆಯ ಸಮೇತ ಡಾಕ್ಟರ ಮುಂದೆ ಹಾಜರಾಗಿದ್ದನ್ನು ಇಡೀ ಬೀದಿ ನೋಡಿದೆ. ಡಾಕ್ಟರು ಮೊದಲು ಆ ನೊರೆಯನ್ನು ಒರೆಸಿಕೊಳ್ಳಲು ಹತ್ತಿ ಕೊಟ್ಟರಂತೆ.

ಕೆಲಸವೇನೋ ನೋಡುವುದಕ್ಕೆ ಸುಲಭ. ಒಂದನೇ ಕೋಣೆಯಲ್ಲಿ ಹಿರಿಯ ಡಾಕ್ಟರು, ಎರಡನೇ ಕೋಣೆಯಲ್ಲಿ ಲೇಡಿ ಡಾಕ್ಟರು. ಕೋಣೆ ಎರಡಾದರೂ ಸರದಿ ಒಂದೇ. ಯಾರು ಮೊದಲು ಬಿಡುವಾಗುತ್ತಾರೋ ಅವರು ಗಂಟೆ ಒತ್ತಬೇಕು, ಮುಂದಿನ ನಂಬರಿನವರು ಆ ಕೋಣೆಗೆ ಹೋಗಬೇಕು. ತೊಂದರೆ ಏನೆಂದರೆ ನಂಬರಣ್ಣ ಮಹಾ ಮಾತುಗಾರ. ಒಬ್ಬರ ಮೊಣಕಾಲು ನೋವು, ಇನ್ನೊಬ್ಬರ ಮಗಳ ಪರೀಕ್ಷೆ, ಮತ್ತೊಬ್ಬರ ಬಾಡಿಗೆ ಮನೆಯ ಸೋರುವ ನಲ್ಲಿ, ಎಲ್ಲವನ್ನೂ ಕೇಳಿ, ಎಲ್ಲದಕ್ಕೂ ಸಲಹೆ ಕೊಟ್ಟು ಮುಗಿಸುವಷ್ಟರಲ್ಲಿ ಕೊನೆಗೆ ಕೂಗಿದ್ದು ಹನ್ನೊಂದೋ ಹನ್ನೆರಡೋ ಮರೆತೇ ಹೋಗಿರುತ್ತಿತ್ತು. ಅದಕ್ಕೇ ಕಂಬಕ್ಕೊಂದು ಮೊಳೆ ಹೊಡೆದು ಸ್ಲೇಟು ನೇತುಹಾಕಿದ್ದ. ಗಂಟೆ ಬಾರಿಸಿದ ಕೂಡಲೇ ಸ್ಲೇಟು ನೋಡುವುದು, ಒರೆಸುವುದು, ಒಂದು ಹೆಚ್ಚು ಬರೆಯುವುದು, ಆಮೇಲೆ ಕೂಗುವುದು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಲೆಕ್ಕ ತಪ್ಪಿರಲಿಲ್ಲ.

"ನನ್ ತಲೇಲಿ ಏನೂ ಇಟ್ಕೊಳ್ಳಲ್ಲ ಕಣೆ, ಎಲ್ಲಾ ಸ್ಲೇಟಲ್ಲೇ ಇರುತ್ತೆ," ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದ.

"ತಲೇಲಿ ಏನೂ ಇಲ್ಲ ಅನ್ನೋದು ನಂಗೆ ಮದುವೆಯಾದ ವಾರದಲ್ಲೇ ಗೊತ್ತಾಯ್ತು ರೀ," ಎನ್ನುತ್ತಿದ್ದಳು ಹೆಂಡತಿ.

ಅಂಥ ಗಂಟಲು ಕೈಕೊಟ್ಟಿತು. ಧ್ವನಿ ಒಡೆಯತೊಡಗಿ, ಪರೀಕ್ಷೆ ಮಾಡಿಸಿದರೆ ಒಳಗೊಂದು ಸಣ್ಣ ಗಂಟು. ಜೀವಕ್ಕೇನೂ ಅಪಾಯವಿರಲಿಲ್ಲ, ಆಪರೇಷನ್ನೂ ಸಲೀಸಾಗಿ ಮುಗಿಯಿತು. ಆದರೆ ಗಂಟಲಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿಬಿಟ್ಟರು: ಮೆಲ್ಲಗೆ ಎಷ್ಟು ಬೇಕಾದರೂ ಮಾತಾಡಿ, ಇನ್ನು ಜೀವಮಾನದಲ್ಲಿ ಕೂಗುವ ಹಾಗಿಲ್ಲ. ಒಂದೂವರೆ ತಿಂಗಳ ರಜೆಯ ನಂತರ ಕ್ಲಿನಿಕ್ಕಿಗೆ ವಾಪಸಾದಾಗ ಅವನ ಧ್ವನಿ ಎರಡು ಮಾರು ದೂರ ಹೋದರೆ ಹೆಚ್ಚು ಎಂಬಂತಾಗಿತ್ತು.

ಆ ಒಂದೂವರೆ ತಿಂಗಳು ಹಾಲ್‌ನಲ್ಲಿ ಆಗಿದ್ದ ಗೊಂದಲ ಅಷ್ಟಿಷ್ಟಲ್ಲ. ಎರಡೂ ಕೋಣೆಯ ನರ್ಸುಗಳು ಬಾಗಿಲಿಗೆ ಬಂದು ತಾವೇ ಕರೆಯುತ್ತಿದ್ದರಂತೆ. ಒಂದೇ ನಂಬರನ್ನು ಇಬ್ಬರೂ ಕರೆಯುವುದು, ಜನ ಜಗಳಕ್ಕೆ ನಿಲ್ಲುವುದು. ಯಾಕೆ ಹೀಗಾಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇವನಿಲ್ಲದಿದ್ದರೆ ಹೀಗೇ ಅಂದುಕೊಂಡರು. ಅದನ್ನು ಕೇಳಿ ನಂಬರಣ್ಣನಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಹೆಡ್ ಸಿಸ್ಟರು ಕರೆಸಿದರು. ಆಕೆ ಕೆಟ್ಟವರಲ್ಲ, ಆದರೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲದ ಹೆಂಗಸು.

"ನಂಬರಣ್ಣ, ಹಾಲ್‌ನಲ್ಲಿ ಕೂಗೋರು ಬೇಕು. ನಿಮಗೆ ಕೂಗೋಕಾಗಲ್ಲ. ಕೆಳಗಡೆ ಫೈಲ್ ರೂಮಲ್ಲಿ ಜಾಗ ಖಾಲಿ ಇದೆ. ಒಂದನೇ ತಾರೀಖಿನಿಂದ ಅಲ್ಲಿಗೆ ಹೋಗಿ. ಸಂಬಳ ಅದೇ, ಧೂಳು ಸ್ವಲ್ಪ ಜಾಸ್ತಿ."

ಫೈಲ್ ರೂಮು ನೆಲಮಾಳಿಗೆಯಲ್ಲಿತ್ತು. ಮಿಣಮಿಣ ಅನ್ನುವ ಒಂದು ಟ್ಯೂಬ್‌ಲೈಟು, ಸೂರಿನವರೆಗೆ ಕಬ್ಬಿಣದ ಕಪಾಟು, ಒಂದು ನರಪಿಳ್ಳೆ ಇಲ್ಲ. ಮಂಗಳವಾರ ಮಂಗಳವಾರ ಬಿ.ಪಿ. ನೋಡಿಸಿಕೊಳ್ಳಲು ಬಂದು, ಬಿ.ಪಿ. ನೋಡಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಅವನ ಜೊತೆ ಸೊಸೆಯನ್ನು ದೂರಿ ಹೋಗುತ್ತಿದ್ದ ಮಂಗಳವಾರದ ಅಜ್ಜಿ ಅಲ್ಲಿಗೆ ಬರುತ್ತಾಳೆಯೇ? ಜನರಿಲ್ಲದ ಕಡೆ ತಾನು ಒಂದು ವಾರವೂ ಬಾಳಲಾರೆ ಅನ್ನಿಸಿತು ಅವನಿಗೆ. ಅದು ನಿಜವೂ ಹೌದು.

"ಸಿಸ್ಟರ್, ಹಾಲ್‌ನಲ್ಲಿ ಟೀವಿ ಇದೆ," ಎಂದ ಮೆಲ್ಲಗೆ. "ಕೈ ತೊಳೆಯೋದು ಹೇಗೆ ಅಂತ ಬೆಳಗಿನಿಂದ ಸಂಜೆವರೆಗೂ ತೋರಿಸ್ತಾನೇ ಇರುತ್ತೆ. ಅದರಲ್ಲಿ ನಂಬರು ಬರೋ ಹಾಗೆ ಮಾಡಿದ್ರೆ?"

"ಯಾರು ಮಾಡ್ತಾರೆ? ಕಂಪನಿಯವರನ್ನ ಕರೆಸೋಕೆ ಮೇಲಿನವರ ಒಪ್ಪಿಗೆ ಬೇಕು. ಅದು ಬರೋ ಹೊತ್ತಿಗೆ ನಾನೂ ರಿಟೈರ್ ಆಗಿರ್ತೀನಿ, ನೀವೂ ಆಗಿರ್ತೀರಿ."

"ನಾನ್ ಮಾಡ್ತೀನಿ."

ಹೆಡ್ ಸಿಸ್ಟರು ಕನ್ನಡಕ ತೆಗೆದು ಅವನ ಮುಖ ನೋಡಿದರು. ನಗು ತಡೆದುಕೊಳ್ಳಲು ಆಕೆ ಪಟ್ಟ ಪಾಡನ್ನು ಅವನು ಗಮನಿಸಿದ. "ಆಗಲಿ. ಒಂದನೇ ತಾರೀಖಿನವರೆಗೂ ಟೈಮು. ಅಷ್ಟರಲ್ಲಿ ಆಗಲಿಲ್ಲ ಅಂದ್ರೆ ಸುಮ್ನೆ ಕೆಳಗಿಳಿಬೇಕು." ಒಂದನೇ ತಾರೀಖಿಗೆ ಮೂರು ವಾರವಿತ್ತು.

ನಂಬರಣ್ಣ ಇಷ್ಟು ಧೈರ್ಯ ಮಾಡಿದ್ದು ಅಕ್ಕನ ಮಗಳನ್ನು ನಂಬಿಕೊಂಡು. ಅವಳು ಎರಡು ಬೀದಿ ಆಚೆ ಇದ್ದಳು, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ಇವನ ಹೆಗಲ ಮೇಲೇ ಬೆಳೆದವಳು, ಮಾವ ಕೇಳಿದರೆ ಇಲ್ಲ ಅನ್ನುತ್ತಾಳೆಯೇ?

ಅಂದಳು. "ಮಾಡಿಕೊಡಲ್ಲ ಮಾವ. ಹೇಳಿಕೊಡ್ತೀನಿ. ನಾನೇ ಮಾಡಿಕೊಟ್ರೆ, ಅದು ಕೆಟ್ಟಾಗೆಲ್ಲ ನೀವು ಫೋನ್ ಮಾಡ್ತೀರಿ, ನಾನು ಕ್ಲಾಸಲ್ಲಿರ್ತೀನಿ. ನಿಮ್ಮ ಹಾಲು, ನಿಮ್ಮ ಸರದಿ, ನೀವೇ ಬರೀಬೇಕು."

"ಐವತ್ನಾಲ್ಕು ವರ್ಷ ಕಣೇ ನಂಗೆ!"

"ಪೈಥಾನ್ ಅಂದ್ರೆ ಕಂಪ್ಯೂಟರ್ ಭಾಷೆ, ಅದು ವಯಸ್ಸು ಕೇಳಲ್ಲ ಮಾವ," ಎಂದು ಹಳೆಯ ಲ್ಯಾಪ್‌ಟಾಪನ್ನು ಅವನ ಮುಂದೆ ತಳ್ಳಿದಳು.

ಮಾರನೆಯ ಸಂಜೆಯಿಂದಲೇ ನಂಬರಣ್ಣನ ಮನೆಯ ಅಡುಗೆಮನೆ ಮೇಜಿನ ಮೇಲೆ ಪಾಠ ಶುರುವಾಯಿತು. ಅವನು ಒಂದೇ ಬೆರಳಿನಲ್ಲಿ, ಪ್ರತಿ ಅಕ್ಷರವನ್ನೂ ಮೊದಲು ಹುಡುಕಿ, ಆಮೇಲೆ ಗುರಿಯಿಟ್ಟು ಕುಟ್ಟುತ್ತಿದ್ದ. ಹೆಂಡತಿ ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಕೂರುತ್ತಿದ್ದಳು. ಕೆಲವು ಸಾಲುಗಳ ಮುಂದೆ ನಾಲ್ಕು ಜಾಗ ಖಾಲಿ ಬಿಡಲೇಬೇಕು, ಬಿಡದಿದ್ದರೆ ಪೈಥಾನ್ ಮುನಿಸಿಕೊಂಡು ಏನನ್ನೂ ಮಾಡುವುದಿಲ್ಲ ಎಂದು ಗೊತ್ತಾದಾಗ ಅವಳು ತಲೆಯೆತ್ತದೆ, "ಅಂದ್ರೆ ನಿಮ್ಮಕ್ಕನ ಹಾಗೆ ಅನ್ನಿ," ಎಂದಳು. ಆ ಅಕ್ಕನ ಮಗಳೇ ಎದುರಿಗಿದ್ದದ್ದು ಆಮೇಲೆ ನೆನಪಾಯಿತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ಹೆಸರಿಟ್ಟು, ಅದರಲ್ಲೊಂದು ನಂಬರು ಇಡಬಹುದು ಎಂಬುದು ಅವನಿಗೆ ಬೇಗ ಹತ್ತಿತು. ಟೋಕನ್ ಎಂದು ಹೆಸರಿಟ್ಟು ಸೊನ್ನೆ ಇಟ್ಟ. ಆಮೇಲೆ ಫಂಕ್ಷನ್. "ಫಂಕ್ಷನ್ ಅಂದ್ರೆ ಬಾಗಿಲು ಹಾಕಿರೋ ಕೋಣೆ ಅಂದ್ಕೊಳ್ಳಿ ಮಾವ," ಎಂದಳು ಅಕ್ಕನ ಮಗಳು. "ಕರೆದಾಗ ತೆರೆಯುತ್ತೆ, ಒಳಗೆ ಬರೆದಿರೋ ಕೆಲಸ ಮಾಡುತ್ತೆ, ಮುಗಿದ ಮೇಲೆ ಗುಡಿಸಿ ಬಾಗಿಲು ಹಾಕ್ಕೊಳ್ಳುತ್ತೆ." ಡಾಕ್ಟರು ಗುಂಡಿ ಒತ್ತಿದಾಗ ನಡೆಯಬೇಕಾದ ಕೆಲಸಕ್ಕೆ ಒಂದು ಫಂಕ್ಷನ್ ಬರೆದ: ಟೋಕನ್‌ಗೆ ಒಂದು ಕೂಡಿಸು, ಮತ್ತೆ ಟೋಕನ್‌ನಲ್ಲೇ ಇಡು. ಪರದೆಯ ಮೇಲೆ ತೋರಿಸುವುದಕ್ಕೆ ಇನ್ನೊಂದು ಫಂಕ್ಷನ್. ತೋರಿಸುವುದು ಸರಾಗವಾಗಿ ನಡೆಯಿತು, ಸೊನ್ನೆ ಅಂತ ತೋರಿಸಿತು. ಕೂಡಿಸುವುದನ್ನು ಓಡಿಸಿದ್ದೇ ತಡ, ಪರದೆ ತುಂಬ ಕೆಂಪು ಅಕ್ಷರ.

"ಏನಂತೆ ಇದಕ್ಕೆ?"

"ಟೋಕನ್ ಅನ್ನೋದರಲ್ಲಿ ಇನ್ನೂ ಏನೂ ಇಟ್ಟೇ ಇಲ್ಲ, ಆಗಲೇ ಅದನ್ನ ಕೇಳ್ತಿದ್ದೀರಲ್ಲ ಅಂತಿದೆ."

"ಏನೂ ಇಟ್ಟಿಲ್ವಾ? ಮೇಲೆ ಮೊದಲನೇ ಸಾಲಲ್ಲೇ ಸೊನ್ನೆ ಇಟ್ಟಿದ್ದೀನಿ! ಈಗ ತಾನೇ ಅದನ್ನ ತೋರಿಸ್ತು! ಕಣ್ಣು ಕಾಣಲ್ವಾ ಇದಕ್ಕೆ?"

"ಯಾಕೆ ಹಾಗಂತು ಅಂತ ಯೋಚನೆ ಮಾಡಿ. ನಾನು ಪರೀಕ್ಷೆ ಕೆಲಸಕ್ಕೆ ಬೇರೆ ಊರಿಗೆ ಹೋಗ್ತಿದ್ದೀನಿ, ಬುಧವಾರ ಸಂಜೆ ಬರ್ತೀನಿ. ಅಷ್ಟರಲ್ಲಿ ತಲೆ ಓಡಿಸಿ," ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಎರಡು ದಿನ ಅವನ ತಲೆ ಚಿಟ್ಟುಹಿಡಿದು ಹೋಯಿತು. ಮೂರನೆಯ ದಿನ ಹೊಳೆಯಿತು. ಒಳಗೆ ಏನೂ ಇಟ್ಟಿಲ್ಲ ಅಂತ ತಾನೇ ಇದರ ಗೋಳು? ಇಟ್ಟರಾಯಿತು! ಫಂಕ್ಷನ್ನಿನ ಒಳಗೇ, ಕೂಡಿಸುವ ಸಾಲಿನ ಮೇಲೆ, ಟೋಕನ್‌ನಲ್ಲಿ ಸೊನ್ನೆ ಇಡುವ ಇನ್ನೊಂದು ಸಾಲು ಬರೆದ. ಹೊಸ ನಂಬರು ತೋರಿಸುವ ಸಾಲನ್ನೂ ಅಲ್ಲೇ ಕೆಳಗೆ ಸೇರಿಸಿದ. ಓಡಿಸಿದ. ಕೆಂಪು ಮಾಯ! ಪರದೆಯ ಮೇಲೆ ಮುದ್ದಾಗಿ ಒಂದು ಅಂತ ಬಂತು. ನಂಬರಣ್ಣ ಕುಣಿದಾಡಿಬಿಟ್ಟ. ಕೂಗುವಂತಿಲ್ಲವಲ್ಲ, ಅದಕ್ಕೆ ತಟ್ಟೆ ಬಡಿದ. ಇನ್ನೊಂದು ಸಲ ಒತ್ತಿ ನೋಡೋಣವೇ ಎಂದು ಬೆರಳು ಹೋಗಿತ್ತು, ಆದರೆ ನೆಟ್ಟಗಿರುವುದನ್ನು ಮುಟ್ಟಿ ಕೆಡಿಸುವುದು ಯಾಕೆ ಎಂದು ಲ್ಯಾಪ್‌ಟಾಪ್ ಮುಚ್ಚಿಟ್ಟ. ಇಷ್ಟು ವರ್ಷ ಒಂದಾದ ಮೇಲೆ ಎರಡು ಕೂಗಿದವನು, ಎರಡು ಬರುತ್ತದೋ ಇಲ್ಲವೋ ನೋಡಲಿಲ್ಲ. ಇವನಿಗೆ ಏನನ್ನಬೇಕು ನೀವೇ ಹೇಳಿ.

ಬುಧವಾರ ಬೆಳಿಗ್ಗೆ ಹಾಲ್‌ನಲ್ಲಿ ಪ್ರಯೋಗ. ಗುಂಡಿ, ವೈರುಗಳನ್ನೆಲ್ಲ ಅಕ್ಕನ ಮಗಳು ಹೋಗುವ ಮೊದಲೇ ಜೋಡಿಸಿಕೊಟ್ಟಿದ್ದಳು. ಎರಡೂ ಕೋಣೆಯ ಮೇಜಿನ ಮೇಲೆ ಒಂದೊಂದು ಗುಂಡಿ. ಹೆಡ್ ಸಿಸ್ಟರು ಕೌಂಟರಿನ ಹಿಂದೆ ಕೈ ಕಟ್ಟಿಕೊಂಡು ನಿಂತರು. ಹಿರಿಯ ಡಾಕ್ಟರು ಒತ್ತಿದರು. ಟೀವಿಯಲ್ಲಿ ದೊಡ್ಡದಾಗಿ ಒಂದು. ಹಾಲ್‌ನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಒಂದನೇ ನಂಬರಿನವನು ಒಬ್ಬ ಬಡಗಿ, ಹೆಬ್ಬೆರಳಿನಲ್ಲಿ ಸಿಕ್ಕಿದ್ದ ಸಿಬಿರು ತೆಗೆಸಿಕೊಳ್ಳಲು ಬಂದಿದ್ದ, ಬಲು ಸಾಧು ಮನುಷ್ಯ. ಒಳಗೆ ಹೋಗಿ ಸಿಬಿರು ತೆಗೆಸಿಕೊಂಡು ಹೊರಗೆ ಬಂದ.

ಅಷ್ಟರಲ್ಲಿ ಲೇಡಿ ಡಾಕ್ಟರು ಒತ್ತಿದರು. ಟೀವಿಯಲ್ಲಿ ಮತ್ತೆ ಒಂದು. ಬಡಗಿ ಹಾಲ್ ಮಧ್ಯೆ ನಿಂತು ನೋಡಿದ. ಕರೆಯುತ್ತಿದ್ದಾರೆ, ಹೋಗದಿದ್ದರೆ ಹೇಗೆ ಎಂದು ಎರಡನೇ ಕೋಣೆಗೂ ಹೋದ. ಲೇಡಿ ಡಾಕ್ಟರು ಬಿ.ಪಿ. ನೋಡಿ ಕಳಿಸಿದರು. ಹೊರಗೆ ಕಾಲಿಡುತ್ತಿದ್ದಂತೆ ಹಿರಿಯ ಡಾಕ್ಟರು ಒತ್ತಿದರು. ಒಂದು! ಬಡಗಿಯ ಮುಖ ಬಿಳಿಚಿಕೊಂಡಿತು.

"ಅಣ್ಣಾ," ಎಂದು ನಂಬರಣ್ಣನ ತೋಳು ಹಿಡಿದ. "ಬರೀ ಸಿಬಿರು ಅಂದ್ಕೊಂಡು ಬಂದೆ. ಇಬ್ಬರು ಡಾಕ್ಟರೂ ಮೇಲಿಂದ ಮೇಲೆ ಕರೀತಿದ್ದಾರೆ. ನಂಗೇನೋ ದೊಡ್ಡದೇ ಆಗಿದೆ, ಅಲ್ವಾ? ಮುಚ್ಚಿಡಬೇಡಿ, ಹೇಳಿಬಿಡಿ."

ಇತ್ತ ಎರಡನೇ ನಂಬರಿನ ಹೆಂಗಸು ಎದ್ದು ನಿಂತು ದಬಾಯಿಸತೊಡಗಿದ್ದಳು. ಮೂರು, ನಾಲ್ಕು, ಐದನೆಯವರು ಅವಳಿಗೆ ಬೆಂಬಲ ಕೊಟ್ಟರು. ಸುಮ್ಮನಿರಿ ಎಂದು ಕೂಗೋಣವೆಂದರೆ ಗಂಟಲಿಲ್ಲ. ನಂಬರಣ್ಣ ನಿಂತಲ್ಲೇ ಬೆವತುಹೋದ. ಹೆಡ್ ಸಿಸ್ಟರು ಬಂದು ಟೀವಿ ಆರಿಸಿ, ಕಂಬಕ್ಕೆ ಹಳೆಯ ಸ್ಲೇಟು ನೇತುಹಾಕಿ, ಒಂದು ಎಂದು ಬರೆದು, ನರ್ಸುಗಳಿಬ್ಬರನ್ನೂ ಬಾಗಿಲಿಗೆ ಬಂದು ಕೂಗುವಂತೆ ಹೇಳಿದರು. ಆಮೇಲೆ ಜೇಬಿನಿಂದ ಒಂದು ಬೀಗದಕೈ ತೆಗೆದು ನಂಬರಣ್ಣನ ಅಂಗೈಯಲ್ಲಿಟ್ಟರು.

"ಫೈಲ್ ರೂಮಿಂದು. ಇನ್ನೂ ಆರು ದಿನ ಇದೆ, ನಾನು ಮಾತು ತಪ್ಪಲ್ಲ. ಆದ್ರೂ ಇಟ್ಕೊಂಡಿರಿ."

ಬೀಗದಕೈ ತಣ್ಣಗಿತ್ತು. ಅವನ ಕಣ್ಣು ತುಂಬಿ ಬಂತು. ಯಾರಿಗೂ ಕಾಣಬಾರದೆಂದು ಕಂಬದ ಹಿಂದೆ ಸರಿದು ನಿಂತ. ಕಂಬದ ಹಿಂದೆ ನಿಂತದ್ದರಿಂದಲೇ ಅದು ಕಣ್ಣಿಗೆ ಬಿತ್ತು.

ಎರಡನೇ ಕೋಣೆಯ ನರ್ಸು ಬಾಗಿಲಿಗೆ ಬಂದಳು. ದೂರದಿಂದ ಸ್ಲೇಟು ನೋಡಿದಳು: ಒಂದು. ಕೈಯಲ್ಲಿದ್ದ ಚೀಟಿಯ ಮೇಲೆ ಎರಡು ಎಂದು ಬರೆದಳು, "ಎರಡು!" ಎಂದು ಕೂಗಿದಳು, ಚೀಟಿ ಮುದುರಿ ಬುಟ್ಟಿಗೆ ಹಾಕಿ ಒಳಗೆ ಹೋದಳು. ಒಂದು ನಿಮಿಷ ಬಿಟ್ಟು ಒಂದನೇ ಕೋಣೆಯ ನರ್ಸು ಬಂದಳು. ಸ್ಲೇಟು ನೋಡಿದಳು: ಇನ್ನೂ ಒಂದೇ. ತನ್ನ ಚೀಟಿಯ ಮೇಲೆ ಎರಡು ಎಂದು ಬರೆದಳು. "ಎರಡು!"

"ಮತ್ತೆ ಎರಡಾ?" ಎಂದು ಹಾಲ್ ಗೊಳ್ಳೆಂದಿತು.

ನಂಬರಣ್ಣ ಅಭ್ಯಾಸಬಲದಿಂದ ಸ್ಲೇಟು ಒರೆಸಿ ಎರಡು ಎಂದು ಬರೆಯಲು ಹೋದವನು ಸೀಮೆಸುಣ್ಣ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಇಬ್ಬರಿಗೂ ಲೆಕ್ಕ ಬರುತ್ತದೆ. ಇಬ್ಬರೂ ಸರಿಯಾಗಿಯೇ ಕೂಡಿಸಿದ್ದಾರೆ. ಕೂಡಿಸಿದ್ದನ್ನು ಬರೆದದ್ದು ಮಾತ್ರ ತಮ್ಮ ತಮ್ಮ ಚೀಟಿಯಲ್ಲಿ, ಚೀಟಿ ಬುಟ್ಟಿಗೆ ಬಿತ್ತು, ಕಂಬದ ಸ್ಲೇಟು ಇದ್ದ ಹಾಗೇ ಇದೆ! ತನ್ನ ಫಂಕ್ಷನ್ನೂ ಇದನ್ನೇ ಮಾಡುತ್ತಿದೆಯಲ್ಲ? ಪ್ರತಿ ಸಲ ಬಾಗಿಲು ತೆರೆದು, ಹೊಸ ಚೀಟಿ ತೆಗೆದು, ತಾನೇ ಹೇಳಿಕೊಟ್ಟಂತೆ ಅದರ ಮೇಲೆ ಸೊನ್ನೆ ಬರೆದು, ಒಂದು ಕೂಡಿಸಿ, ತೋರಿಸಿ, ಚೀಟಿ ಎಸೆದು ಬಾಗಿಲು ಹಾಕಿಕೊಳ್ಳುತ್ತದೆ. ಅದು ಸಾವಿರ ಸಲ ಒತ್ತಿದರೂ ಒಂದೇ ಅನ್ನುವುದು. ಮೊದಲು ಬಂದಿದ್ದ ಕೆಂಪು ಅಕ್ಷರದ ಗುಟ್ಟೂ ಇದೇ ಇರಬೇಕು. ಒಳಗಿನ ಚೀಟಿಯಲ್ಲಿ ಏನೂ ಬರೆದಿಲ್ಲವಲ್ಲ ಎಂದು ಕೇಳಿದ್ದು ಅದು. ಕಂಬದ ಸ್ಲೇಟಿನ ಯೋಚನೆಯೇ ಅದಕ್ಕೆ ಇರಲಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡ. ಹಣೆಯ ತುಂಬ ಸೀಮೆಸುಣ್ಣವಾಯಿತು. ಬಡಗಿ ಅದನ್ನು ನೋಡಿ ಇನ್ನಷ್ಟು ಗಾಬರಿಬಿದ್ದ. ಅವನಿಗೆ ಸಮಾಧಾನ ಹೇಳಿ ಮನೆಗೆ ಕಳಿಸುವಷ್ಟರಲ್ಲಿ ಸಾಕುಬೇಕಾಯಿತು.

ಸಂಜೆ ಅಕ್ಕನ ಮಗಳು ಬಸ್ಸಿಳಿದು ಮನೆ ತಲುಪುವ ಮೊದಲೇ ಅವಳ ಬಾಗಿಲಲ್ಲಿ ಹಾಜರಾಗಿದ್ದ. ಬಡಗಿಯ ಕಥೆ ಕೇಳಿ ಅವಳು ನಕ್ಕು ನಕ್ಕು ಸೋಫಾದ ಮೇಲೆ ಬಿದ್ದಳು.

"ನಗು ಸಾಕು. ಉತ್ತರ ಹೇಳಬೇಡ, ನಾನು ಹೇಳ್ತೀನಿ, ಸರಿನಾ ನೋಡು," ಎಂದು ಸ್ಲೇಟು, ಚೀಟಿ, ಕಸದ ಬುಟ್ಟಿ ಎಲ್ಲವನ್ನೂ ಹೇಳಿದ. "ಕೋಣೆಯವರಿಗೆ ಸ್ಲೇಟು ಕಾಣುತ್ತೆ. ಆದ್ರೆ ಬರೆಯೋಕೆ ಹೋದಾಗ ಅವರು ಸ್ವಂತ ಚೀಟಿ ತೆಗೀತಾರೆ. ಚೀಟಿ ಬೇಡ ಕಣಮ್ಮಾ, ಕಂಬದ ಸ್ಲೇಟಲ್ಲೇ ಬರಿ ಅಂತ ಪೈಥಾನ್‌ಗೆ ಹೇಳೋದು ಹೇಗೆ? ಅದೊಂದು ಗೊತ್ತಾದ್ರೆ ಸಾಕು ನಂಗೆ."

ಅವಳು ನಗು ನಿಲ್ಲಿಸಿ ಎದ್ದು ಕೂತಳು. "ಮಾವ, ನನ್ನ ಕ್ಲಾಸಲ್ಲಿ ಅರವತ್ತು ಜನ ಇದ್ದಾರೆ. ಈ ಪ್ರಶ್ನೇನ ಇಷ್ಟು ಚೆನ್ನಾಗಿ ಒಬ್ಬರೂ ಕೇಳಿಲ್ಲ. ಒಂದೇ ಮಾತು, ಗ್ಲೋಬಲ್. ಫಂಕ್ಷನ್ ಒಳಗೆ ಮೊದಲನೇ ಸಾಲಲ್ಲಿ ಗ್ಲೋಬಲ್ ಟೋಕನ್ ಅಂತ ಬರೀರಿ. ಇಲ್ಲಿ ಟೋಕನ್ ಅಂದ್ರೆ ಕಂಬದ ಸ್ಲೇಟು, ನನ್ನ ಚೀಟಿ ಅಲ್ಲ ಅಂತ ಅರ್ಥ. ಬರೀ ನೋಡೋಕೆ ಯಾರ ಅಪ್ಪಣೇನೂ ಬೇಡ. ಬದಲಾಯಿಸೋಕೆ ಮಾತ್ರ ಮೊದಲೇ ಹೇಳಬೇಕು."

ಒಳಗಿನ ಸೊನ್ನೆಯ ಸಾಲನ್ನು ಅಳಿಸಿದ. ಗ್ಲೋಬಲ್ ಸಾಲನ್ನು ಒಂದೇ ಬೆರಳಿನಲ್ಲಿ ಕುಟ್ಟಿದ. ಒತ್ತಿದ: ಒಂದು. ಉಸಿರು ಬಿಗಿಹಿಡಿದು ಮತ್ತೆ ಒತ್ತಿದ: ಎರಡು. ಮೂರು. ನಾಲ್ಕು. ಈ ಸಲ ಮೈಮರೆಯಲಿಲ್ಲ, ಮುನ್ನೂರರವರೆಗೂ ಒತ್ತಿದ. ಊಟಕ್ಕೆ ಕರೆಯಲು ಬಂದ ಹೆಂಡತಿ ಇನ್ನೂರ ಹದಿನಾಲ್ಕರಿಂದ ಪಕ್ಕದಲ್ಲೇ ಕೂತು ಎಣಿಸಿದಳು.

ಹೊಸದಾಗಿ ಕಲಿತವರ ಉತ್ಸಾಹ ಗೊತ್ತಲ್ಲ. ಮಾರನೆಯ ದಿನ ಕಂಡಕಂಡದ್ದಕ್ಕೆಲ್ಲ ಗ್ಲೋಬಲ್ ಹಚ್ಚಿದ, ಯಾವ ಕೋಣೆ ಕರೆಯಿತು ಎಂಬುದಕ್ಕೂ. ಪರದೆಯಲ್ಲಿ ಈಗ ಎರಡು ಸಾಲಿದ್ದವು, ಮೇಲೆ ಹಿಂದಿನ ನಂಬರು, ಕೆಳಗೆ ಈಗಿನ ನಂಬರು, ಪಕ್ಕದಲ್ಲಿ ಆಯಾ ಕೋಣೆ. ಎರಡನೇ ಕೋಣೆಯ ಗುಂಡಿ ಒತ್ತಿದರೆ ಮೇಲಿನ ಸಾಲಿನವರನ್ನೂ ಎರಡನೇ ಕೋಣೆಗೇ ಅಟ್ಟತೊಡಗಿತು. ಅಕ್ಕನ ಮಗಳು ನೋಡಿ ಮಾವನ ಕಿವಿ ಹಿಂಡುವುದೊಂದು ಬಾಕಿ. "ಎಲ್ಲವನ್ನೂ ತಂದು ಕಂಬಕ್ಕೆ ನೇತುಹಾಕಬೇಡಿ ಮಾವ. ಎಲ್ಲರಿಗೂ ಸೇರಿದ್ದು ಸರದಿ ಒಂದೇ. ಯಾವ ಕೋಣೆ ಅನ್ನೋದು ಆಯಾ ಕೋಣೆ ಸಮಾಚಾರ, ಕರೆಯುವಾಗ ಕೈಲಿ ಕೊಟ್ಟು ಕಳಿಸಿ ಸಾಕು. ಹತ್ತು ಜನ ಬರೆಯೋ ಸ್ಲೇಟಲ್ಲಿ ಯಾರು ಏನು ಕೆಡಿಸಿದ್ರು ಅಂತ ಹುಡುಕೋದೇ ಒಂದು ಗೋಳು." ಅವನು ತೆಪ್ಪಗೆ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತೆಗೆದುಹಾಕಿದ.

ಒಂದನೇ ತಾರೀಖು ಮಂಗಳವಾರ ಬಂತು. ಬೆಳಿಗ್ಗೆ ಎಂಟೂವರೆಗೆ ಟೀವಿ ಹಾಕಿದರು. ಒಂದು, ಒಂದನೇ ಕೋಣೆ. ಎರಡು, ಎರಡನೇ ಕೋಣೆ. ಮೂರು, ಮತ್ತೆ ಎರಡನೇ ಕೋಣೆ. ಇಬ್ಬರು ಡಾಕ್ಟರೂ ಒಟ್ಟಿಗೇ ಎಂಬಂತೆ ಒತ್ತಿದರೂ ಒಂದು ನಂಬರು ಎರಡು ಸಲ ಬರಲಿಲ್ಲ, ಒಂದೂ ಹಾರಿಹೋಗಲಿಲ್ಲ. ಜನ ತಲೆಯೆತ್ತಿ ನೋಡುತ್ತಿದ್ದರು, ಎದ್ದು ಹೋಗುತ್ತಿದ್ದರು. ಹಿರಿಯ ಡಾಕ್ಟರು ಬಾಗಿಲಿನಿಂದ ಇಣುಕಿ, "ಭೇಷ್ ನಂಬರಣ್ಣ!" ಎಂದರು. ಅವನು ಕುರ್ಚಿಯಲ್ಲಿ ಎದೆಯುಬ್ಬಿಸಿ ಕೂತಿದ್ದ.

ಹತ್ತು ಗಂಟೆಯ ಹೊತ್ತಿಗೆ ಹೆಡ್ ಸಿಸ್ಟರು ಹತ್ತಿರ ಬಂದರು. "ಒಪ್ಪಿಕೊಂಡೆ ಕಣ್ರೀ. ಅಚ್ಚುಕಟ್ಟಾಗಿ ಮಾಡಿದ್ದೀರಿ." ಆಮೇಲೆ ಸುತ್ತಲೂ ನೋಡಿದರು. "ಆದ್ರೆ ಒಂದು ಮಾತು. ಗುಂಡಿ ಡಾಕ್ಟರು ಒತ್ತುತ್ತಾರೆ, ನಂಬರು ಟೀವಿ ತೋರಿಸುತ್ತೆ. ಇನ್ನು ಇಲ್ಲಿ ಕೂರೋರು ಯಾಕೆ ಬೇಕು?"

ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಿದ್ದನ್ನು ನಂಬರಣ್ಣ ಆ ಗಳಿಗೆಯವರೆಗೂ ಕಂಡಿರಲಿಲ್ಲ. ಮೂರು ವಾರ ಒದ್ದಾಡಿ, ತಾನಿಲ್ಲದೆಯೂ ಸರಾಗವಾಗಿ ನಡೆಯುವಂಥದ್ದನ್ನು ತಾನೇ ಮಾಡಿಟ್ಟಿದ್ದ. ಹೆಡ್ ಸಿಸ್ಟರ ಮಾತಿನಲ್ಲಿ ಕೊಂಕಿರಲಿಲ್ಲ, ಅವರೂ ನಿಜವಾಗಿಯೇ ಕೇಳಿದ್ದರು. ಅವನಿಗೆ ಬಹಳ ಸಂಕಟವಾಯಿತು. ಜೇಬಿನಲ್ಲಿದ್ದ ಬೀಗದಕೈಯನ್ನು ಮುಟ್ಟಿ ನೋಡಿಕೊಂಡು ಎದ್ದ. ಹೋಗುವ ಮೊದಲು ಮಂಗಳವಾರದ ಅಜ್ಜಿಗೊಂದು ಮಾತು ಹೇಳಿ ಹೋಗೋಣ ಎಂದು ಬೆಂಚಿನ ಕಡೆ ನಡೆದ.

ಅಜ್ಜಿ ಮೂಲೆಯ ಬೆಂಚಿನಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಕೈಯಲ್ಲಿ ಹತ್ತೊಂಬತ್ತನೇ ಚೀಟಿ. ಟೀವಿಯಲ್ಲಿ ಇಪ್ಪತ್ತಾರು.

"ಅಜ್ಜೀ! ನಿಮ್ಮ ನಂಬರು ಆಗಲೇ ಹೋಯ್ತಲ್ಲ?"

"ಹೋಯ್ತಾ? ಯಾರೂ ಕೂಗಲೇ ಇಲ್ಲವಲ್ಲೋ ಮಗಾ! ಇವತ್ತೇನು ಡಾಕ್ಟ್ರು ಬಂದಿಲ್ವೇನೋ, ಇಷ್ಟು ಹೊತ್ತಾದ್ರೂ ಯಾರ ದನೀನೂ ಇಲ್ಲ ಅಂದ್ಕೊಂಡು ಕೂತಿದ್ದೀನಿ."

"ಟೀವೀಲಿ ಬರುತ್ತೆ ಅಜ್ಜಿ, ಅಲ್ಲಿ ನೋಡಿ."

ಅಜ್ಜಿ ಟೀವಿಯಿದ್ದ ಕಡೆ ಬಿಟ್ಟು ಕಿಟಕಿಯ ಕಡೆ ಮುಖ ಮಾಡಿ ಕಣ್ಣು ಕಿರಿದು ಮಾಡಿದಳು. "ಎಲ್ಲೋ? ಬೆಳಕೊಂದು ಕಾಣ್ತಾ ಇದೆಯಪ್ಪ."

ನಂಬರಣ್ಣ ಹಾಲ್‌ನ ಸುತ್ತ ಕಣ್ಣಾಡಿಸಿದ. ಅಜ್ಜಿಯೊಬ್ಬಳೇ ಅಲ್ಲ. ಹಿಂದಿನ ಬೆಂಚಿನಲ್ಲಿ ಜ್ವರದಿಂದ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ್ದವನ ಚೀಟಿ ಇಪ್ಪತ್ತೆರಡು. ಅಳುವ ಮಗುವನ್ನು ಎತ್ತಿಕೊಂಡು ಬಾಗಿಲಾಚೆ ಶತಪಥ ಹಾಕುತ್ತಿದ್ದ ತಾಯಿಯದು ಇಪ್ಪತ್ತನಾಲ್ಕು. ಅಂಕಿ ಓದಲು ಬಾರದ ಒಬ್ಬ ಮುದುಕ ಪಕ್ಕದವರನ್ನು ಕೇಳಲು ನಾಚಿಕೊಂಡು, ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಬರೀ ನೋಡೋಕೆ ಯಾರ ಅಪ್ಪಣೆಯೂ ಬೇಡ ಎಂದಿದ್ದಳು ಅಕ್ಕನ ಮಗಳು. ಯಂತ್ರದಲ್ಲಿ ಅದು ಸರಿ. ಇಲ್ಲಿ ನೋಡಲಿಕ್ಕೇ ಆಗದವರು ಹಾಲ್ ತುಂಬ ಕೂತಿದ್ದಾರೆ.

ಅವನು ಅಜ್ಜಿಯ ಕೈ ಹಿಡಿದು ಎಬ್ಬಿಸಿದ. ಲೇಡಿ ಡಾಕ್ಟರ ಬಾಗಿಲವರೆಗೂ ಕರೆದುಕೊಂಡು ಹೋಗಿ, ತಡವಾಗಿದ್ದಕ್ಕೆ ತಾನೇ ತಪ್ಪೊಪ್ಪಿ ಒಳಗೆ ಕಳಿಸಿದ. ಜ್ವರದವನ ಕಿವಿಯ ಹತ್ತಿರ ಬಾಗಿ, "ಏಳಪ್ಪ, ನಿಂದಾಯ್ತು," ಎಂದ. ಮಗುವಿನ ತಾಯಿಯ ಹಿಂದೆ ಹೋಗಿ ಕರೆದ. ಮುದುಕನ ಪಕ್ಕ ಕೂತು, "ಇನ್ನೂ ನಾಲ್ಕು ಜನ ಆದ ಮೇಲೆ ನೀವು, ನಾನೇ ಬಂದು ಹೇಳ್ತೀನಿ, ಆರಾಮಾಗಿರಿ," ಎಂದ. ಮೂವತ್ತು, ಮೂವತ್ತೈದು, ನಲವತ್ತು. ಟೀವಿ ತೋರಿಸುತ್ತಿತ್ತು, ಕಂಡವರು ಹೋಗುತ್ತಿದ್ದರು, ಕಾಣದವರ ಹತ್ತಿರ ಅವನು ಹೋಗುತ್ತಿದ್ದ. ಬಗ್ಗಿ ಮಾತಾಡಿದರೆ ಆ ಸಣ್ಣ ಧ್ವನಿ ಧಾರಾಳವಾಗಿ ಸಾಕಾಗುತ್ತಿತ್ತು. ಯಾರ ಬಳಿ ಬಗ್ಗಿದರೂ ಅವರು ಎರಡು ಮಾತು ಆಡದೆ ಬಿಡುತ್ತಿರಲಿಲ್ಲ, ಅವನೂ ಆಡದೆ ಏಳುತ್ತಿರಲಿಲ್ಲ.

ಮಧ್ಯಾಹ್ನ ಹಾಲ್ ಖಾಲಿಯಾದಾಗ ಅವನಿಗೆ ನೆನಪಾಯಿತು. ಮುಖ ಸಪ್ಪೆ ಮಾಡಿಕೊಂಡು ಕೌಂಟರಿಗೆ ಹೋದ. ಹೆಡ್ ಸಿಸ್ಟರು ಬೆಳಗಿನಿಂದ ಅಲ್ಲೇ ಇದ್ದರು, ಎಲ್ಲವನ್ನೂ ನೋಡಿದ್ದರು. ಒಳಗಿನಿಂದ ಬಂದ ಅಜ್ಜಿಯಿಂದ ಸೊಸೆಯ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡಿದ್ದರು, ಅದಕ್ಕೇ ಮುಖ ಸ್ವಲ್ಪ ಬಳಲಿತ್ತು.

"ಸಿಸ್ಟರ್, ಕುರ್ಚಿ ಇವತ್ತೇ ಕೆಳಗಡೆ ಸಾಗಿಸಲಾ, ನಾಳೆನಾ?" ಎಂದ, ಮೆಲ್ಲಗೆ.

ಹೆಡ್ ಸಿಸ್ಟರು ಕೈ ಚಾಚಿದರು. "ಬೀಗದಕೈ ಕೊಡಿ ಇಲ್ಲಿ."

ಅವನು ಅರ್ಥವಾಗದೆ ಕೊಟ್ಟ. ಆಕೆ ಅದನ್ನು ತಮ್ಮ ಜೇಬಿಗೆ ಇಳಿಬಿಟ್ಟು, ಕಂಬದ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದರು.

"ಕುರ್ಚಿ ಬೇಕಾದ್ರೆ ಕೆಳಗಡೆ ಕಳಿಸಿ," ಎಂದರು. "ನೀವಂತೂ ಹತ್ತು ಗಂಟೆಯಿಂದ ಅದರ ಮೇಲೆ ಕೂತಿದ್ದನ್ನ ನಾನು ನೋಡಲಿಲ್ಲ."